ಸಿಎಸ್‌ಎಫ್‌ನ ನ್ಯೂಮೊಕಾಕಸ್: ಪೆನಿಸಿಲಿನ್ 0.25 ಬಂದರೆ ಎಸ್ (ಔಷಧಿ ಕೆಲಸ ಮಾಡುತ್ತೆ) ಬರೀಬೇಕಾ, ಆರ್ (ಕೆಲಸ ಮಾಡಲ್ಲ) ಬರೀಬೇಕಾ?

ಪ್ರಶ್ನೆ (ಬೆಂಚ್ ನಂ. 3):
ಮಗುವಿನ ಸಿಎಸ್‌ಎಫ್‌ನಲ್ಲಿ (ಮೆದುಳು-ಬೆನ್ನುಹುರಿಯ ಸುತ್ತಲಿನ ದ್ರವ) ನ್ಯೂಮೊಕಾಕಸ್ ಬ್ಯಾಕ್ಟೀರಿಯಾ ಬೆಳೆದಿದೆ. ಗುರುತಿಸಲು ಇಡುವ ಆಪ್ಟೋಚಿನ್ ಡಿಸ್ಕ್‌ನ ಝೋನ್ (ಸುತ್ತ ಏನೂ ಬೆಳೆಯದ ವೃತ್ತ) 17 ಮಿ.ಮೀ., ಬೈಲ್‌ನಲ್ಲಿ ಕರಗುತ್ತೆ, ಗುರುತಿನ ಬಗ್ಗೆ ಅನುಮಾನವಿಲ್ಲ. 1 ಮೈಕ್ರೋಗ್ರಾಂ ಆಕ್ಸಾಸಿಲಿನ್ ಡಿಸ್ಕ್‌ಗೆ ಝೋನ್ 16 ಮಿ.ಮೀ. ಇ-ಸ್ಟ್ರಿಪ್‌ನಲ್ಲಿ (ಎಂಐಸಿ, ಅಂದರೆ ಬೆಳವಣಿಗೆ ತಡೆಯಲು ಬೇಕಾದ ಕನಿಷ್ಠ ಔಷಧಿಯನ್ನು ಮಿ.ಲೀ.ಗೆ ಮೈಕ್ರೋಗ್ರಾಂನಲ್ಲಿ ಅಳೆಯುವ ಪಟ್ಟಿ) ಪೆನಿಸಿಲಿನ್ 0.25, ಸೆಫ್ಟ್ರಿಯಾಕ್ಸೋನ್ 0.75. ಅದೇ ಮಗುವಿನ ಬ್ಲಡ್ ಕಲ್ಚರ್‌ನದ್ದನ್ನು ಮೆಷಿನ್‌ಗೆ ಹಾಕಿದರೆ ಅಲ್ಲೂ 0.25, ಆದರೆ ಮುಂದೆ ಎಸ್ ಅಂತ ಪ್ರಿಂಟ್. ಯಾವುದು ಸರಿ? ವ್ಯಾಂಕೊಮೈಸಿನ್ ನಿಲ್ಲಿಸಬಹುದಾ ಅಂತ ವಾರ್ಡಿನವರು ಕೇಳ್ತಿದ್ದಾರೆ. ಕ್ಲಾವುಲನೇಟ್ ಸೇರಿದ ಡಿಸ್ಕ್ ಇಟ್ಟು ನೋಡೋಣವಾ?

ಉತ್ತರ (ಎಂಐಸಿ ಓದುಗ):
ಸಂಖ್ಯೆ ಎರಡೂ ಕಡೆ ಒಂದೇ, ಅಳೆಯುವ ಗೆರೆ ಬೇರೆ. ಲ್ಯಾಬ್ ಮಾನದಂಡ ಹೊರಡಿಸುವ ಸಿಎಲ್‌ಎಸ್‌ಐ ಸಂಸ್ಥೆ 2008ರಿಂದ ಪೆನಿಸಿಲಿನ್‌ಗೆ ಎರಡು ಬ್ರೇಕ್‌ಪಾಯಿಂಟ್ (ಎಸ್-ಆರ್ ಗಡಿ) ಇಟ್ಟಿದೆ. ಮೆನಿಂಜೈಟಿಸ್ (ಮೆದುಳುಪೊರೆಯ ಸೋಂಕು) ಆದರೆ 0.06ರವರೆಗೆ ಎಸ್, 0.12 ಬಂತೆಂದರೆ ಆರ್. ನಡುವೆ ಐ (ಮಧ್ಯದ ದರ್ಜೆ) ಇಲ್ಲ. ನ್ಯುಮೋನಿಯಾದಂಥದ್ದಕ್ಕೆ ಇಂಜೆಕ್ಷನ್ ಪೆನಿಸಿಲಿನ್ ಆದರೆ 2ರವರೆಗೂ ಎಸ್. ರಕ್ತದಲ್ಲಿರುವ ಔಷಧಿಯ ಸಣ್ಣ ಪಾಲು ಮಾತ್ರ ಸಿಎಸ್‌ಎಫ್‌ಗೆ ದಾಟುತ್ತೆ, ಅದಕ್ಕೇ ಇಷ್ಟು ಅಂತರ. ಮೆಷಿನ್‌ಗೆ ಸ್ಯಾಂಪಲ್ ರಕ್ತ ಅಂತ ಮಾತ್ರ ಗೊತ್ತು, ಮಗುವಿಗೆ ಮೆನಿಂಜೈಟಿಸ್ ಅಂತ ಗೊತ್ತಿಲ್ಲ. ಸಿಎಸ್‌ಎಫ್ ರಿಪೋರ್ಟ್‌ನಲ್ಲಿ ಆರ್ ಅಂತಲೇ ಬರೆಯಿರಿ. ರಕ್ತದ ರಿಪೋರ್ಟ್‌ನಲ್ಲಿ ಎರಡೂ ಅರ್ಥ ಕೊಡಿ.

ಸೆಫ್ಟ್ರಿಯಾಕ್ಸೋನ್ 0.75 ಅಂತ ಹಾಗೇ ಬಿಡಬೇಡಿ. ಸ್ಟ್ರಿಪ್‌ನಲ್ಲಿ ನಡುವಿನ ಗೆರೆ ಬಂದರೆ ಮೇಲಿನ ಡೈಲ್ಯೂಷನ್‌ಗೆ (0.5, 1, 2 ಹೀಗೆ ದುಪ್ಪಟ್ಟಾಗುವ ಮೆಟ್ಟಿಲು) ಏರಿಸಬೇಕು. ಅಂದರೆ 1. ಮೆನಿಂಜೈಟಿಸ್‌ಗೆ 0.5ರವರೆಗೆ ಎಸ್, 1 ಐ, 2 ಮತ್ತು ಮೇಲೆ ಆರ್. ಹಾಗಾಗಿ ನಿಮ್ಮದು ಐ. ಪೆನಿಸಿಲಿನ್‌ನಲ್ಲಿ 0.094 ಬಂದರೂ ಇದೇ ಕಥೆ: 0.12 ಆಗಿ ಆರ್‌ಗೆ ಬೀಳುತ್ತೆ.

ಆಕ್ಸಾಸಿಲಿನ್ ಡಿಸ್ಕ್ ಬರೀ ಸ್ಕ್ರೀನಿಂಗ್. 20 ಅಥವಾ ಮೇಲಿದ್ದರೆ ಪೆನಿಸಿಲಿನ್ ಎಸ್. 19 ಅಥವಾ ಕೆಳಗಿದ್ದರೆ ಎಂಐಸಿ ಮಾಡಲೇಬೇಕು. ಡಿಸ್ಕ್ ನೋಡಿ ಆರ್ ಕೊಡುವಂತಿಲ್ಲ.

ಉತ್ತರ (ವಾರ್ಡ್ ರೌಂಡ್ಸ್):
ವ್ಯಾಂಕೊಮೈಸಿನ್ ನಿಲ್ಲಿಸಬೇಡಿ ಅಂತ ಫೋನ್ ಮಾಡಿಯೇ ಹೇಳಿ, ರಿಪೋರ್ಟ್ ಪ್ರಿಂಟ್ ಆಗುವವರೆಗೆ ಕಾಯಬೇಡಿ. ಮಕ್ಕಳಿಗೆ ಸೆಫ್ಟ್ರಿಯಾಕ್ಸೋನ್ ದಿನಕ್ಕೆ ಕೆಜಿಗೆ 100 ಮಿ.ಗ್ರಾಂ., ವ್ಯಾಂಕೊಮೈಸಿನ್ ದಿನಕ್ಕೆ ಕೆಜಿಗೆ 60 ಮಿ.ಗ್ರಾಂ. ಆರು ಗಂಟೆಗೊಮ್ಮೆ ಹಂಚಿ. ವ್ಯಾಂಕೊಮೈಸಿನ್ ಒಂದನ್ನೇ ನಂಬಿ ಸೆಫ್ಟ್ರಿಯಾಕ್ಸೋನ್ ಕೈಬಿಡುವುದೂ ತಪ್ಪು. ಡೆಕ್ಸಾಮೆಥಾಸೋನ್ ನಡೀತಿದ್ದರೆ ಮೆದುಳುಪೊರೆಯ ಉರಿಯೂತ ಇಳಿದು ವ್ಯಾಂಕೊಮೈಸಿನ್ ಒಳಗೆ ದಾಟುವುದೂ ಕಡಿಮೆಯಾಗಬಹುದು. 48 ಗಂಟೆ ಕಳೆದರೂ ಮಗು ಚೇತರಿಸದಿದ್ದರೆ ಮತ್ತೆ ಎಲ್‌ಪಿ (ಬೆನ್ನಿಗೆ ಸೂಜಿ ಚುಚ್ಚಿ ದ್ರವ ತೆಗೆಯುವುದು) ಮಾಡಿ ಸಿಎಸ್‌ಎಫ್ ಕಲ್ಚರ್‌ಗೆ ಕಳಿಸಬೇಕು. ರಿಫಾಂಪಿಸಿನ್‌ಗೆ ಎಸ್ ಇದೆಯಾ ಅಂತ ಈಗಲೇ ನೋಡಿಟ್ಟಿರಿ.

ಕ್ಲಾವುಲನೇಟ್ ಡಿಸ್ಕ್ ದಂಡ. ಕ್ಲಾವುಲನೇಟ್ ತಡೆಯುವುದು ಬೀಟಾ-ಲ್ಯಾಕ್ಟಮೇಸ್ ಕಿಣ್ವವನ್ನು. ನ್ಯೂಮೊಕಾಕಸ್ ಆ ಕಿಣ್ವ ಮಾಡಿ ಪೆನಿಸಿಲಿನ್ ಮುರಿಯುವುದಿಲ್ಲ; ಔಷಧಿ ಅಂಟಿಕೊಳ್ಳುವ ಪಿಬಿಪಿ ಪ್ರೋಟೀನನ್ನೇ ಬದಲಿಸಿಕೊಂಡಿರುತ್ತೆ. ಗಂಟಲಿನಲ್ಲಿರುವ ವಿರಿಡನ್ಸ್ ಜಾತಿಯ ಸ್ಟ್ರೆಪ್ಟೊಕಾಕೈಗಳ ಡಿಎನ್‌ಎ ತುಂಡು ಹೀರಿ, ತನ್ನ ಜೀನ್‌ಗೆ ತೇಪೆ ಹಾಕಿಕೊಂಡಿರುತ್ತೆ. ಪಿಬಿಪಿ 2ಎಕ್ಸ್ ಮತ್ತು 1ಎ ಎರಡೂ ಬದಲಾದರೆ ಸೆಫ್ಟ್ರಿಯಾಕ್ಸೋನ್ ಎಂಐಸಿ ಕೂಡ ಏರುತ್ತೆ. ಹೀಮೋಫಿಲಸ್ ಆಗಿದ್ದರೆ ಬೀಟಾ-ಲ್ಯಾಕ್ಟಮೇಸ್ ನೋಡುವುದಕ್ಕೆ ಅರ್ಥವಿತ್ತು.

ಉತ್ತರ (ಚಾಕೊಲೇಟ್ ಅಗಾರ್):
ರಿಪೋರ್ಟ್ ಹೋಗಲಿ, ಜೊತೆಗೆ ಟೆಸ್ಟನ್ನೂ ಒಮ್ಮೆ ಪರೀಕ್ಷಿಸಿ. ಎಷ್ಟು ಗಂಟೆಯ ಪ್ಲೇಟ್‌ನಿಂದ ಕಾಲೊನಿ ತೆಗೆದಿರಿ? 18ರಿಂದ 20 ಗಂಟೆಯದ್ದಾಗಬೇಕು. ಹಳೆಯದಾದರೆ ನ್ಯೂಮೊಕಾಕಸ್ ತನ್ನಷ್ಟಕ್ಕೆ ಒಡೆದುಕೊಳ್ಳುತ್ತೆ, ಕಾಲೊನಿಯ ನಡು ಕೇರಂ ಪಾನಿನ ಹಾಗೆ ತಗ್ಗಾಗಿ ಕಾಣುತ್ತೆ. ಆಗ ಸಸ್ಪೆನ್ಷನ್ 0.5 ಮ್ಯಾಕ್‌ಫಾರ್ಲೆಂಡ್‌ನಷ್ಟು ಮಸುಕಾಗಿದ್ದರೂ ಜೀವಂತ ಇರುವುದು ಕಡಿಮೆ, ಎಂಐಸಿ ಸುಳ್ಳಾಗಿ ಇಳಿಯುತ್ತೆ. ಮ್ಯೂಲರ್-ಹಿಂಟನ್ ಅಗಾರ್‌ಗೆ 5% ಕುರಿರಕ್ತ, 5% ಸಿಒ2, 35 ಡಿಗ್ರಿ, 20ರಿಂದ 24 ಗಂಟೆ. ಎಟಿಸಿಸಿ 49619 (ಎಂಐಸಿ ಮೊದಲೇ ಗೊತ್ತಿರುವ ತಾಳೆ ನೋಡುವ ತಳಿ) ಜೊತೆಗಿಡಿ: ಪೆನಿಸಿಲಿನ್ 0.25–1, ಸೆಫ್ಟ್ರಿಯಾಕ್ಸೋನ್ 0.03–0.12 ಒಳಗೆ ಬರಬೇಕು.

ಇನ್ನು ಸಿಎಸ್‌ಎಫ್ ರಿಪೋರ್ಟ್‌ನಲ್ಲಿ ಎರಿಥ್ರೊಮೈಸಿನ್, ಕ್ಲಿಂಡಾಮೈಸಿನ್, ಟೆಟ್ರಾಸೈಕ್ಲಿನ್ ಸಾಲುಗಳನ್ನು ತೆಗೆದುಬಿಡಿ. ಮೆನಿಂಜೈಟಿಸ್‌ಗೆ ಅವು ಆಗಿಬರಲ್ಲ, ಆದರೆ ಎಸ್ ಕಂಡರೆ ಯಾರಾದರೂ ಬರೆದುಕೊಟ್ಟುಬಿಡ್ತಾರೆ.

ಬೆಂಚ್ ನಂ. 3:
ಪ್ಲೇಟ್ 30 ಗಂಟೆಯದ್ದಾಗಿತ್ತು. ವಾರ್ಡಿಗೆ ಫೋನ್ ಮಾಡಿ ಪೆನಿಸಿಲಿನ್ ಆರ್, ಸೆಫ್ಟ್ರಿಯಾಕ್ಸೋನ್ ಐ, ವ್ಯಾಂಕೊಮೈಸಿನ್ ಮುಂದುವರಿಸಿ ಅಂತ ಹೇಳಿದ್ದೇನೆ. ಸಬ್‌ಕಲ್ಚರ್ ಹಾಕಿದ್ದೇನೆ, ನಾಳೆ ಸ್ಟ್ರಿಪ್ ಮತ್ತೆ ಇಡ್ತೇನೆ.