ಅಪ್‌ಡೇಟ್: ಗಿಳಿ ಹಸಿರು, ಆನೆ ಮಾತ್ರ ನೀಲಿ

ಹೋದ ತಿಂಗಳು ಕೇಳಿದ್ದೆನಲ್ಲ, ಎರಡೂವರೆ ವರ್ಷದ ಮಗಳು ಎಲ್ಲ ಬಣ್ಣಕ್ಕೂ ಕೆಂಪು ಅನ್ನುತ್ತಾಳೆ, ಪ್ರಾಣಿಗಳ ಚಿತ್ರಪುಸ್ತಕ ಇಟ್ಟುಕೊಂಡು ಬಣ್ಣ, ಆಕಾರ ಕಲಿಸಬಹುದಾ ಅಂತ. ಕಲಿಸಬಹುದು, ಆದರೆ ನಾನಂದುಕೊಂಡ ಹಾಗಲ್ಲ.

ಜಾಸ್ತಿ ಕೆಲಸಕ್ಕೆ ಬಂದಿದ್ದು ನಿಮ್ಮಲ್ಲೊಬ್ಬರು ಹೇಳಿದ "ಹಸಿರು ಗಿಳಿ ಅನ್ನಬೇಡಿ, ಗಿಳಿ ಹಸಿರು ಅನ್ನಿ" ಅನ್ನುವ ಸಲಹೆ. ಮೊದಲು ವಸ್ತು, ಆಮೇಲೆ ಬಣ್ಣ. ಕಣ್ಣು ಗಿಳಿಯ ಮೇಲೆ ನಿಂತ ಮೇಲೆ ಹಸಿರು ಅಂದರೆ ಯಾವುದು ಅಂತ ಮಗುವಿಗೆ ಗೊತ್ತಾಗುತ್ತದೆ. ಎರಡು ವಾರದಲ್ಲಿ ಹಸಿರು, ಹಳದಿ, ಕಪ್ಪು ಬಂತು. ಸುಮ್ನೆ ನೋಡೋಣ ಅಂತ ಒಗ್ಗರಣೆಗೆ ಇಟ್ಟಿದ್ದ ಕರಿಬೇವು ತೋರಿಸಿದರೆ "ಗಿಳಿ" ಅಂದಳು! ತಪ್ಪೇನಿಲ್ಲ ಬಿಡಿ, ಸೀರೆ ಅಂಗಡಿಯಲ್ಲಿ ನಾವೂ ಗಿಳಿಹಸಿರು ಅಂತೀವಿ ಅಲ್ವಾ?

ಒಂದು ಎಡವಟ್ಟಾಯಿತು. ನಮ್ಮ ಪುಸ್ತಕದಲ್ಲಿ ಆನೆ ನೀಲಿ. ಮೈಸೂರು ಝೂನಲ್ಲಿ ನಿಜವಾದ ಆನೆ ನೋಡಿ "ಇದು ಆನೆ ಅಲ್ಲ" ಅಂತ ಒಂದೇ ಅಳು. ಪ್ರಾಣಿಗೆ ಅದರದೇ ಬಣ್ಣ ಹಚ್ಚಿರುವ ಪುಸ್ತಕ ತಗೊಳ್ಳಿ.

ಆಕಾರ ಇನ್ನೂ ನಿಧಾನ. ಗೂಬೆಯ ಕಣ್ಣು ವೃತ್ತ, ಬೆಕ್ಕಿನ ಕಿವಿ ತ್ರಿಕೋನ, ಇಷ್ಟು ಬಂದಿದೆ. ಚೌಕದ ಪ್ರಾಣಿ ಎಷ್ಟು ಹುಡುಕಿದರೂ ಸಿಗಲಿಲ್ಲ, ಅದಕ್ಕೆ ಮೈಸೂರು ಪಾಕ್ ತಂದಿದ್ದೇನೆ.