ಚರ್ಚಿನ ಬಲಿಪೀಠದ ಪ್ರತಿಷ್ಠೆಗೆ ಆನ್‌ಲೈನ್‌ನಾಗ ಸಂತರ ಎಲುಬು ಕೊಳ್ಳಬಹುದೇನ್ರಿ?

ಬೀದರಿನವ: ನಮ್ಮದು ಮೆಥಡಿಸ್ಟ್ ಸಭೆ, ನಮ್ಮಲ್ಲಿ ಬಲಿಪೀಠಕ್ಕ ಸಂತರ ಎಲುಬು ಇಡೋ ರೂಢಿ ಇಲ್ಲ. ಕಲಬುರಗಿ ಕಡೆ ಕಥೊಲಿಕ ಗೆಳೆಯ ಹೊಸ ಚರ್ಚಿನ ಬಲಿಪೀಠಕ್ಕ ರೋಮಿನ ರಕ್ತಸಾಕ್ಷಿಯೊಬ್ಬರ (ನಂಬಿಕೆಗಾಗಿ ಪ್ರಾಣ ಕೊಟ್ಟವರ) ಎಲುಬಿನ ಚೂರು ಕೊಂಡು ಕೊಡ್ತೀನಿ ಅಂತಾನ. ಹಿತ್ತಾಳೆ ಡಬ್ಬಿ, ಕೆಂಪು ಅರಗು, ಎಲುಬು ಅಸಲಿ ಅನ್ನೋ ಲ್ಯಾಟಿನ್ ಪತ್ರ ಎಲ್ಲಾ ಅದ ಅಂತ. ನಡೀತದೇನ್ರಿ? ಆದಿ ಕ್ರೈಸ್ತರು ಎಲುಬು ಯಾಕ ಕಾಪಾಡ್ತಿದ್ರು?

ಶಹಾಪುರ್ಕರ್: ಮೊದಲ, ರೊಕ್ಕ ಕೊಡಬ್ಯಾಡ ಅನ್ರಿ. ಅವಶೇಷ, ಅಂದ್ರ ಸಂತರ ಎಲುಬು-ಗಿಲುಬು, ಮಾರೋದನ್ನ ಕಥೊಲಿಕ ಧರ್ಮಸಭೆಯ ಕಾನೂನಿನ 1190ನೇ ಕಲಮು ಪೂರ್ತಿ ಬಂದ್ ಮಾಡ್ಯದ. 386ರಾಗೇ ರೋಮನ್ ಚಕ್ರವರ್ತಿ ಥಿಯೊಡೋಸಿಯಸ್‌ನ ಕಾಯ್ದೆ ರಕ್ತಸಾಕ್ಷಿಗಳ ದೇಹ ಮಾರಬಾರದು ಅಂದಿತ್ತು. ದಂಧೆ ಅಷ್ಟು ಹಳೇದು!

ಡಬ್ಬಿಯ ಹಿಂದಿನ ಮುಚ್ಚಳ ತೆಗೆದ್ರ ರೇಶ್ಮೆ ದಾರ ಅಡ್ಡ-ಉದ್ದ ಬಿಗಿದು, ಅದರ ಮ್ಯಾಲ ಅರಗಿನ ಮುದ್ರೆ ಒತ್ತಿರ್ತದ. ದಾರ ಹರಿದಿದ್ರ, ಮುದ್ರೆ ಬಿರುಕು ಬಿಟ್ಟಿದ್ರ, ಒಳಗಿಂದು ಅದಲು-ಬದಲಾಗಿಲ್ಲ ಅನ್ನಾಕ ಆಧಾರ ಉಳಿಯಂಗಿಲ್ಲ. ಅರಗು ಯಾರಾದ್ರೂ ಕಾಸಿ ಹಾಕಬಹುದು. ಮುದ್ರೆ ಯಾವ ಧರ್ಮಾಧ್ಯಕ್ಷರದು (ಬಿಷಪ್ಪರದು), ಪತ್ರದ ಮ್ಯಾಲಿನದಕ್ಕ ಕೂಡ್ತದೋ ಇಲ್ಲೋ, ಅದನ್ನ ನೋಡಬೇಕು.

ಇಷ್ಟೆಲ್ಲಾ ಸರಿ ಇದ್ರೂ ಪ್ರತಿಷ್ಠೆಗೆ ಸಣ್ಣ ಚೂರು ನಡೆಯಂಗಿಲ್ಲ. ಮನುಷ್ಯ ದೇಹದ ಭಾಗ ಅಂತ ಗುರುತು ಹತ್ತೋಷ್ಟು ದೊಡ್ಡದಿರಬೇಕು. ಇಡೋದು ಬಲಿಪೀಠದ ಕೆಳಗ. ಮ್ಯಾಲೂ ಅಲ್ಲ, ಬಲಿಪೀಠದ ಮ್ಯಾಲಿನ ಹಾಸುಗಲ್ಲಿನೊಳಗೂ ಅಲ್ಲ.

ಹಳೆ ಪುಟ: ‘ರೋಮಿನ ರಕ್ತಸಾಕ್ಷಿ’ ಎಂಬ ಮಾತೇ ಅನುಮಾನದ್ದು. 1578ರಲ್ಲಿ ರೋಮಿನ ಸಲಾರಿಯಾ ರಸ್ತೆಯ ಬಳಿ ನೆಲದಡಿಯ ಸಮಾಧಿಗಳು ಸಿಕ್ಕ ಮೇಲೆ ಹೆಸರಿಲ್ಲದ ಎಷ್ಟೋ ಅಸ್ಥಿಗಳು ಸಂತರ ಹೆಸರು ಹೊತ್ತು ಯುರೋಪಿಗೆಲ್ಲ ಹೋದವು. ಸಮಾಧಿ ಪಕ್ಕದ ಗಾಜಿನ ಕುಡಿಕೆಯನ್ನೇ ರಕ್ತಸಾಕ್ಷಿಯ ರಕ್ತ ತುಂಬಿದ ಕುಡಿಕೆ ಎಂದು ನಂಬಿದ್ದರು. ಪತ್ರ ಅಸಲಿ, ಎಲುಬು ಯಾರದ್ದೋ!

ಯಾಕೆ ಕಾಪಾಡಿದರು ಎಂಬುದು ಕಲಬುರಗಿಯ ಸೂಫಿ ಸಂತ ಬಂದೇ ನವಾಜರ ಉರುಸು ನೋಡಿದವರಿಗೆ ಬೇಗ ತಿಳಿಯುತ್ತದೆ. ಉರುಸು ಎಂದರೆ ಮದುವೆ. ಆದರೆ ಅದು ಪುಣ್ಯತಿಥಿ. ಆದಿ ಕ್ರೈಸ್ತರಲ್ಲೂ ಹಾಗೆಯೇ. ಎರಡನೇ ಶತಮಾನದಲ್ಲಿ ಸ್ಮಿರ್ನಾದ (ಇಂದಿನ ತುರ್ಕಿಯಲ್ಲಿದೆ) ಧರ್ಮಾಧ್ಯಕ್ಷ ಪೊಲಿಕಾರ್ಪರನ್ನು ಸುಟ್ಟಾಗ ಅಲ್ಲಿನ ಕ್ರೈಸ್ತರು ಅಸ್ಥಿ ಆಯ್ದು ಇಟ್ಟು, ಅವರು ಸತ್ತ ದಿನವನ್ನೇ ‘ಹುಟ್ಟಿದ ದಿನ’ ಎಂದು ವರ್ಷವರ್ಷ ಅಲ್ಲಿ ಸೇರಲು ನಿಶ್ಚಯಿಸಿದರು. 386ರಲ್ಲಿ ಮಿಲಾನಿನ ಧರ್ಮಾಧ್ಯಕ್ಷ ಅಂಬ್ರೋಸರು ರಕ್ತಸಾಕ್ಷಿಗಳಾದ ಗೆರ್ವಾಸಿಯುಸ್, ಪ್ರೊತಾಸಿಯುಸರ ಅಸ್ಥಿಗಳನ್ನು ಬಲಿಪೀಠದ ಕೆಳಗೇ ಇಟ್ಟರು.

ಬೀದರಿನವ: ಇದು ಎಲುಬಿನ ಪೂಜೆ ಆಗಲಿಲ್ಲೇನ್ರಿ?

ಹಳೆ ಪುಟ: ಆ ಕಾಲದ ವಿಜಿಲಾಂಟಿಯುಸ್ ಎಂಬ ಪಾದ್ರಿ ಕೂಡ ಇದನ್ನೇ ಕೇಳಿದ್ದ. 406ರಲ್ಲಿ, ಬೈಬಲನ್ನು ಲ್ಯಾಟಿನ್‌ಗೆ ತಂದ ಜೆರೋಮರು ಸಿಟ್ಟಿನಿಂದಲೇ ಉತ್ತರ ಬರೆದರು: ಆರಾಧನೆ ದೇವರಿಗೆ, ರಕ್ತಸಾಕ್ಷಿಗೆ ಗೌರವ ಮಾತ್ರ. ಸಾಮಾನ್ಯ ಜನ ಆ ಗೆರೆ ಪಾಲಿಸುತ್ತಾರೆಯೇ ಎಂಬ ನಿಮ್ಮ ಸಂಶಯ ಬೇರೆ, ಅದರಲ್ಲಿ ಹುರುಳಿದೆ.

ಶಹಾಪುರ್ಕರ್: ಗೆಳೆಯಗ ಒಂದ ಮಾತು ಹೇಳ್ರಿ: ಅವಶೇಷ ಇಲ್ಲದೇನೂ ಪ್ರತಿಷ್ಠೆ ಆಗ್ತದ. ಸಂಶಯದ್ದು ಇಡೋಕ್ಕಿಂತ ಖಾಲಿ ಬಿಡೋದೇ ಛಲೋ ಅಂತ ಪ್ರತಿಷ್ಠೆಯ ವಿಧಿಯೇ ಹೇಳ್ತದ.