ಮಳೆಗಾಲದಲ್ಲಿ ಜಲವರ್ಣ: ವಾಶ್ ಆರುವುದೇ ಇಲ್ಲ, ಏನು ಮಾಡುತ್ತೀರಿ?

ತೀರ್ಥಹಳ್ಳಿಯಿಂದ ಕೇಳುತ್ತಿದ್ದೇನೆ. ಬೇಸಿಗೆಯಲ್ಲಿ ಜಲವರ್ಣ ಕಲಿಯಲು ಶುರು ಮಾಡಿದೆ, ಚೆನ್ನಾಗಿ ಬರುತ್ತಿತ್ತು. ಮಳೆ ಹಿಡಿದ ಮೇಲೆ ಆಕಾಶದ ವಾಶ್, ಅಂದರೆ ನೀರು ಬೆರೆಸಿ ಅಗಲಕ್ಕೆ ಹರಡುವ ತೆಳು ಬಣ್ಣದ ಪದರ, ಎಷ್ಟು ಹೊತ್ತಾದರೂ ಆರುವುದಿಲ್ಲ. ಎರಡನೇ ಪದರ ಹಾಕಿದರೆ ಹೂಕೋಸಿನ ಹಾಗೆ ಕಲೆ ಏಳುತ್ತದೆ. ಹೊಸ ಹಾಳೆಯಲ್ಲೂ ಚುಕ್ಕೆ ಚುಕ್ಕೆ. ಅನುಭವ ಇದ್ದವರು ಹೇಳಿ.

ಸಾಗರದಿಂದ:
ಆ ಹೂಕೋಸಿಗೆ ಬ್ಲೂಮ್ ಅಂತಾರೆ. ಅರೆ ಒಣಗಿದ ಬಣ್ಣಕ್ಕೆ ನೀರು ಜಾಸ್ತಿ ಇರುವ ಕುಂಚ ತಾಗಿದರೆ, ಆ ನೀರು ಬಣ್ಣವನ್ನು ಅಂಚಿಗೆ ತಳ್ಳುತ್ತದೆ. ಹಾಳೆಯನ್ನು ಓರೆಯಾಗಿ ಹಿಡಿದು ನೋಡಿ. ನೀರು ಮಿನುಗುತ್ತಿದ್ದರೆ ಇನ್ನೂ ಬಣ್ಣ ಸೇರಿಸಬಹುದು. ಮಿನುಗು ಹೋಗಿ ಮಂಕಾಯಿತೋ, ಕೈ ತೆಗೆದುಬಿಡಿ. ನಾನು ಜಾಸ್ತಿ ಚಿತ್ರ ಕೆಡಿಸಿದ್ದು ಆ ಹೊತ್ತಿನಲ್ಲೇ. ಪೂರ್ತಿ ಆರಿದೆಯೋ ತಿಳಿಯಲು ಬೆರಳಿನ ಹಿಂಬದಿ ತಾಗಿಸಿ; ತಣ್ಣಗಿದ್ದರೆ ಒಳಗೆ ನೀರಿದೆ ಅಂತಲೇ.

ಒಂದು ಪದರದ ಮೇಲೆ ಇನ್ನೊಂದು ತೆಳು ಪದರ ಎಳೆಯುವ ಗ್ಲೇಜಿಂಗ್‌ಗಂತೂ ಹಾಳೆ ಪೂರ್ತಿ ಒಣಗಲೇಬೇಕು. ಪಾರದರ್ಶಕ ಬಣ್ಣದಲ್ಲಿ ಬೆಳಕು ಪದರಗಳನ್ನು ದಾಟಿ, ಬಿಳಿ ಹಾಳೆಗೆ ಬಡಿದು ವಾಪಸ್ ಬರುತ್ತದೆ. ಒಣಗಿದ ಹಳದಿ ಮೇಲೆ ತೆಳು ನೀಲಿ ಎಳೆದರೆ ಅಡಿಕೆ ಸೋಗೆಯ ಹಸಿರು ಒಳಗಿನಿಂದಲೇ ಬೆಳಗುತ್ತದೆ. ಹಸಿಯಲ್ಲೇ ಎಳೆದರೆ ಎರಡೂ ಕಲಸಿಹೋಗುತ್ತವೆ. ಹೇರ್ ಡ್ರೈಯರ್ ಇದ್ದರೆ ಮಿನುಗು ಹೋದ ಮೇಲೆ ದೂರದಿಂದ ಹಿಡಿಯಿರಿ.

ಹೊಸನಗರದಿಂದ:
ಚುಕ್ಕೆ ಬಣ್ಣದ್ದಲ್ಲ, ಹಾಳೆಯದ್ದು. ಒಳ್ಳೆ ಹಾಳೆಗೆ ಜೆಲಟಿನ್ ಥರದ ಅಂಟು ಹಾಕಿರುತ್ತಾರೆ, ಅದೇ ಸೈಜಿಂಗ್. ಥಂಡಿಗೆ ಅದು ಕೆಟ್ಟರೆ ಹಾಳೆ ಬ್ಲಾಟಿಂಗ್ ಪೇಪರಿನಂತೆ ಬಣ್ಣ ಹೀರುತ್ತದೆ. ನನ್ನ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾಟನ್ ಹಾಳೆಗಳ ಇಡೀ ಕಟ್ಟು ಹೀಗೇ ಹೋಯಿತು. ಗೋಡೆಗೆ ಒರಗಿಸಿ ಇಟ್ಟಿದ್ದೆ. ತುಂಬಾ ಸಂಕಟವಾಯಿತು. ಈಗ ಮೇ ತಿಂಗಳಲ್ಲೇ ಗಾಳಿಯಾಡದ ಡಬ್ಬಿಗೆ ಹಾಕಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಇಡುತ್ತೇನೆ. ಪ್ಯಾಲೆಟ್ ಒದ್ದೆ ಇರುವಾಗ ಮುಚ್ಚಬೇಡಿ, ಬೂಸ್ಟು ಬರುತ್ತದೆ.

ಶಿವಮೊಗ್ಗದಿಂದ:
ನಾನು ಮಳೆಗಾಲದಲ್ಲಿ ಗ್ಲೇಜಿಂಗ್ ಬಿಟ್ಟು ವೆಟ್ ಆನ್ ವೆಟ್ ಮಾತ್ರ ಮಾಡುತ್ತೇನೆ. ಒದ್ದೆ ಹಾಳೆಗೆ ಒದ್ದೆ ಬಣ್ಣ. ಬೇಸಿಗೆಯಲ್ಲಿ ಕೊಡಚಾದ್ರಿಯ ಮಂಜು ಬಿಡಿಸಲು ಹೋದರೆ ಅಂಚು ಮೆತ್ತಗಾಗುವ ಮೊದಲೇ ಹಾಳೆ ಆರಿಬಿಡುತ್ತದೆ. ಈಗ ಸಾವಕಾಶ ಇದೆ, ಅಲ್ವಾ? ಬೆಟ್ಟಕ್ಕೆ ಅಲ್ಟ್ರಾಮರೀನ್ ನೀಲಿ ತೆಗೆದುಕೊಳ್ಳಿ. ಹಿಂಡಿದ ಕುಂಚದಿಂದ ಒತ್ತಿದರೆ ಸುಲಭವಾಗಿ ಎದ್ದು ಬರುತ್ತದೆ, ಅಲ್ಲಿ ಮಂಜು ಕೂರುತ್ತದೆ. ಥ್ಯಾಲೋ ನೀಲಿ ಬೇಡ. ಅದು ಹಾಳೆಗೆ ಕಚ್ಚಿಕೊಂಡರೆ ಬಿಡುವುದಿಲ್ಲ.